ಟ್ರಂಕಿನ ಮುಚ್ಚಳ

ಅಟ್ಟ ಗುಡಿಸುವಾಗ ನವೋದಯ ವಸತಿ ಶಾಲೆಯಲ್ಲಿ ಓದುತ್ತಿದ್ದ ಕಾಲದ ನನ್ನ ಟ್ರಂಕ್ ಸಿಕ್ಕಿತು. ಹಸಿರು ಬಣ್ಣವೆಲ್ಲ ಉದುರಿದೆ, ಬಿಳಿ ಪೇಂಟಿನ 47 ಮಾತ್ರ ಹಾಗೇ ಇದೆ.

ಮುಚ್ಚಳದ ಒಳಗೆ ಮೊಳೆಯಲ್ಲಿ ಕೆರೆದ ಅಕ್ಷರ: ‘ಹಾಡುಗಾರ’. ಹಿಂದಿಯ ಹಾಗೆ ನೆತ್ತಿಯ ಮೇಲೊಂದು ಉದ್ದ ಗೆರೆ ಬೇರೆ!

ಒಂಬತ್ತನೇ ತರಗತಿಗೆ ಬಿಹಾರದ ನವೋದಯದಿಂದ ಒಂದು ವರ್ಷದ ಮಟ್ಟಿಗೆ ಬಂದವನ ಕೈಬರಹ. ಆಗಿನ್ನೂ ಅವನು ಕನ್ನಡ ಕಲಿಯುತ್ತಿದ್ದ.

ಬಟ್ಟೆ ಒಗೆಯುವಾಗ ನಾನು ಹಾಡುತ್ತೇನೆ ಎಂಬುದು ನನಗೇ ತಿಳಿದಿರಲಿಲ್ಲ. ಮೂರು ವರ್ಷ ಜೊತೆಗಿದ್ದ ನಮ್ಮ ಹುಡುಗರೂ ಹೇಳಿರಲಿಲ್ಲ (ಗದ್ದಲ ಎಂದುಕೊಂಡಿದ್ದರೇನೋ). ಅವನು ಹೇಳಿದ. ಆಮೇಲೆ ಪ್ರತಿ ಭಾನುವಾರ ನನ್ನ ಬಕೆಟ್ ಪಕ್ಕದಲ್ಲೇ ಅವನ ಬಕೆಟ್.

ಗುಜರಿಗೆ ಹಾಕು ಎನ್ನುತ್ತಿದ್ದಾರೆ ಅಮ್ಮ. ನಾನು ಮುಚ್ಚಳ ಬಿಚ್ಚಲು ಸ್ಕ್ರೂಡ್ರೈವರ್ ಹುಡುಕುತ್ತಿದ್ದೇನೆ.