ಬೆಂಗಳೂರಿನ ಸಾಮಾನು, ಶರಾವತಿ ದಂಡೆಯ ಮನೆ

ಬೆಂಗಳೂರಿನಿಂದ ಸಾಗರದ ಕಡೆಗೆ ಮನೆ ಸಾಗಿಸಲು ಹೊರಟವರು ಮೊದಲು ವಿಚಾರಿಸುವುದು ಲಾರಿ ಬಾಡಿಗೆ, ಆಮೇಲೆ ಇಂಟರ್ನೆಟ್ಟು. ನೀರಿನ ನೆನಪು ಬರುವುದು ಸಾಮಾನು ಇಳಿಸಿ, ಕೈಕಾಲು ತೊಳೆಯೋಣ ಎಂದು ನಲ್ಲಿ ತಿರುಗಿಸಿದಾಗ. ಹಿಂದೆ ಕಾಡು, ಮುಂದೆ ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು, ಇಂಥ ಜಾಗದಲ್ಲಿ ನೀರಿಗೇನು ಬರ ಎಂದು ಬೆಂಗಳೂರಿನಲ್ಲಿ ಕೂತು ಅನ್ನಿಸುವುದು ಸಹಜ. ಆದರೆ ಹಿನ್ನೀರು ಇರುವುದು ಗುಡ್ಡದ ಬುಡದಲ್ಲಿ, ಮನೆ ಇರುವುದು ಗುಡ್ಡದ ಮಗ್ಗುಲಲ್ಲಿ. 1964ರಲ್ಲಿ ಮುಗಿದ ಈ ಅಣೆಕಟ್ಟಿನ ನೀರಿನ ಪೂರ್ಣ ಮಟ್ಟ ಸಮುದ್ರ ಮಟ್ಟದಿಂದ 1819 ಅಡಿ. ಮಳೆಗಾಲದ ಕೊನೆಗೆ ಅಂಗಳದ ಕೆಳಗೇ ಬಂದು ನಿಂತ ನೀರು ಏಪ್ರಿಲ್ ಹೊತ್ತಿಗೆ ಎಲ್ಲೋ ದೂರಕ್ಕೆ ಸರಿದು, ನಡುವೆ ಒಣ ಕೆಸರು, ಮುಳುಗಿದ ಮರಗಳ ಬೊಡ್ಡೆ ಕಾಣಿಸುತ್ತವೆ. ಗುಡ್ಡದ ಮೇಲಿನ ಒರತೆಯಿಂದ ಮನೆಗೆ ಬರುವ ಅಬ್ಬಿ ನೀರು ಸಣ್ಣಗಾಗುವುದೂ ಆಗಲೇ.

ಹಾಗಾಗಿ ಮನೆಯನ್ನು ಎರಡು ಸಲ ನೋಡಬೇಕು: ನೀರಿಗಾಗಿ ಏಪ್ರಿಲ್ ಕೊನೆಯಲ್ಲಿ, ಉಳಿದೆಲ್ಲಕ್ಕೂ ಜುಲೈ ನಡುವಿನಲ್ಲಿ. ಡಿಸೆಂಬರಿನ ವೀಕೆಂಡಿನಲ್ಲಿ ಬಂದು, ಹೋಂಸ್ಟೇಯಲ್ಲಿ ಉಳಿದು, ಬಿಸಿಲು ಕಾಯಿಸಿಕೊಳ್ಳುತ್ತಾ ನೋಡಿದ ಮನೆ ಎಲ್ಲವೂ ಚೆನ್ನಾಗಿಯೇ ಇರುತ್ತದೆ. ಜುಲೈನಲ್ಲಿ ನೋಡಬೇಕಾದದ್ದು ಗೋಡೆಯ ಬುಡದಿಂದ ತೇವ ಎಷ್ಟು ಎತ್ತರ ಏರಿದೆ, ಮಣ್ಣಿನ ರಸ್ತೆಯಲ್ಲಿ ಯಾವ ತಿರುವಿನಲ್ಲಿ ಗಾಡಿ ಹೂತುಹೋಗುತ್ತದೆ, ಹಳ್ಳ ದಾಟುವಲ್ಲಿ ಮೋರಿ ಇದೆಯೋ ಬರೀ ಕಲ್ಲು ಹಾಸೋ, ಮನೆಯ ಹಿಂದಿನ ಧರೆ ಕುಸಿದ ಗುರುತಿದೆಯೋ ಎಂಬುದು. ಹೊಸದಾಗಿ ಸುಣ್ಣ ಹೊಡೆದ ಗೋಡೆ ಕಂಡರೆ ಒಂದು ಸಲ ಕೈಯಿಟ್ಟು ಮುಟ್ಟಿ ನೋಡಿ.

ಕಾಗದಪತ್ರದ ಮಾತು ಚುಟುಕಾಗಿ. 2020ರ ತಿದ್ದುಪಡಿಯಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ಹೋದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು, ನಿಜ. ಆದರೆ ಪಹಣಿಯ 9ನೇ ಕಾಲಂನಲ್ಲಿ ಮಾಲೀಕರ ಹೆಸರು ನೋಡಿ ನಿಲ್ಲಬೇಡಿ, 11ನೇ ಕಾಲಂನ ಹಕ್ಕು-ಋಣಗಳನ್ನೂ ಓದಿ. ಒಂದು ಸರ್ವೆ ನಂಬರಿನ ಭಾಗ ಮಾತ್ರ ಕೊಳ್ಳುವುದಾದರೆ ಆ ತುಂಡಿನ ಗಡಿ ತೋರಿಸುವ 11ಇ ನಕ್ಷೆ ಕೇಳಿ. ಮನೆ ಗ್ರಾಮಠಾಣೆಯಲ್ಲಿದ್ದರೆ, ಅಂದರೆ ಊರಿನ ವಾಸದ ಜಾಗದಲ್ಲಿದ್ದರೆ, ಪಂಚಾಯಿತಿಯ ಇ-ಸ್ವತ್ತು ದಾಖಲೆ ಬೇಕು. ತೋಟದ ಜೊತೆಗೆ ತೋರಿಸುವ ಸೊಪ್ಪಿನಬೆಟ್ಟ, ಅಂದರೆ ತೋಟದ ಸೊಪ್ಪಿಗೆಂದು ಬಿಟ್ಟ ಸರ್ಕಾರಿ ಕಾಡು, ನಿಮ್ಮದಲ್ಲ. ಅಲ್ಲಿ ಸೊಪ್ಪು, ದರಕು (ಒಣ ಎಲೆ) ತರುವ ಸವಲತ್ತು ಮಾತ್ರ, ಕಾಟೇಜ್ ಕಟ್ಟುವ ಹಕ್ಕಿಲ್ಲ. ಮುಳುಗಡೆ ಸಂತ್ರಸ್ತರಿಗೆ ಕೊಟ್ಟ ಜಮೀನಿನ ದಾಖಲೆಗಳಲ್ಲಿ ಅರಣ್ಯದ ತಕರಾರು ಈಗಲೂ ಉಳಿದಿರುವ ಕಡೆಗಳಿವೆ. ಇಂಥದ್ದಕ್ಕೆ ಬೆಂಗಳೂರಿನ ವಕೀಲರಿಗಿಂತ ಸಾಗರದ ವಕೀಲರೇ ವಾಸಿ. ಮೊದಲ ವರ್ಷ ಬಾಡಿಗೆಗೇ ಇದ್ದು ನೋಡುವುದು ಇನ್ನೂ ವಾಸಿ.

ಸಾಗಿಸುವುದು ಯಾವಾಗ? ಶಿವರಾತ್ರಿ ಕಳೆದು ಯುಗಾದಿಯ ಒಳಗೆ. ನವೆಂಬರಿನಿಂದ ಜನವರಿಯವರೆಗೆ ಅಡಿಕೆ ಕೊಯ್ಲು, ಸುಲಿತ. ಸಾಮಾನು ಇಳಿಸಲು ಒಬ್ಬ ಆಳೂ ಸಿಕ್ಕುವುದಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಮಧ್ಯಾಹ್ನ ಗುಡುಗು, ಸಿಡಿಲು. ಜೂನ್ ಬಂತೆಂದರೆ ಮುಗಿಯಿತು. ಮಾರ್ಚಿನಲ್ಲಿ ಬಂದರೆ ಮಳೆಗೆ ಮುಂಚೆ ಹಂಚು ಕೈಯಾಡಿಸಿ (ಒಡೆದದ್ದು ಬದಲಿಸಿ, ಸರಿಯಾಗಿ ಜೋಡಿಸಿ), ಸೌದೆ ಒಣಗಿಸಿ ಒಳಗಿಡಲು ಮೂರು ತಿಂಗಳು ಸಿಗುತ್ತದೆ.

ಏನು ತರಬಾರದು ಎಂಬ ಪಟ್ಟಿ ಏನು ತರಬೇಕು ಎಂಬುದಕ್ಕಿಂತ ಮುಖ್ಯ. ಪಾರ್ಟಿಕಲ್ ಬೋರ್ಡಿನ ವಾರ್ಡ್‌ರೋಬ್, ಕಂಪ್ಯೂಟರ್ ಟೇಬಲ್, ಟಿವಿ ಸ್ಟ್ಯಾಂಡ್ ಇವನ್ನೆಲ್ಲ ಬೆಂಗಳೂರಿನಲ್ಲೇ ಮಾರಿಬಿಡಿ. ಒಂದು ಮಳೆಗಾಲಕ್ಕೆ ಅಂಚು ಉಬ್ಬಿ, ಸ್ಕ್ರೂ ಹಿಡಿತ ಬಿಟ್ಟು, ಬಾಗಿಲು ಕೈಗೆ ಬರುತ್ತದೆ. ಮರದ್ದು, ಕಬ್ಬಿಣದ್ದು, ನೀರು ತಡೆಯುವ ಬಿಡಬ್ಲ್ಯೂಪಿ ದರ್ಜೆಯ ಪ್ಲೈವುಡ್ಡು ತರಬಹುದು. ಗೋಡೆಯಿಂದ ನಾಲ್ಕು ಇಂಚು ಬಿಟ್ಟು, ಕಾಲ ಕೆಳಗೆ ಕಲ್ಲು ಕೊಟ್ಟು ನಿಲ್ಲಿಸಬೇಕು. ಇಲ್ಲದಿದ್ದರೆ ಹಿಂಬದಿಗೆ ಬೂಸು, ಬುಡಕ್ಕೆ ಗೆದ್ದಲು. ಚರ್ಮದ ಸೋಫಾ, ದಪ್ಪ ಕಾರ್ಪೆಟ್ ಬೇಡ. ಕ್ಯಾಮೆರಾ ಲೆನ್ಸ್ ಇದ್ದವರು ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ಸಣ್ಣ ತೇವಮಾಪಕ ತನ್ನಿ. ಡಬ್ಬಿಯೊಳಗೆ ಶೇಕಡಾ 60 ದಾಟಬಾರದು. ಜೆಲ್ ಬಣ್ಣ ಬದಲಾದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಅಂದಹಾಗೆ, ಬಾಲ್ಕನಿಯ ಕುಂಡಗಳಿಗೆ ಲಾರಿಯಲ್ಲಿ ಜಾಗ ಮಾಡುವವರೂ ಇದ್ದಾರೆ. ಗಿಡದ ನಾಡಿಗೆ ಮನಿ ಪ್ಲಾಂಟ್ ಹೊತ್ತೊಯ್ಯುವ ಈ ಪ್ರೀತಿಗೆ ಏನನ್ನೋಣ!

ಗ್ಯಾಸ್ ಸಿಲಿಂಡರನ್ನು ಲಾರಿಗೆ ಏರಿಸಬಾರದು. ಏಜೆನ್ಸಿಗೆ ಸಿಲಿಂಡರ್, ರೆಗ್ಯುಲೇಟರ್ ಒಪ್ಪಿಸಿದರೆ ಡಿಪಾಸಿಟ್ ವಾಪಸ್ ಕೊಟ್ಟು ವರ್ಗಾವಣೆಯ ವೋಚರ್ ಕೊಡುತ್ತಾರೆ. ಅದನ್ನು ಇಲ್ಲಿನ ಏಜೆನ್ಸಿಯಲ್ಲಿ ತೋರಿಸಿ, ಈಗಿನ ದರದಲ್ಲಿ ಡಿಪಾಸಿಟ್ ಕಟ್ಟಬೇಕು. ನಡುವಿನ ದಿನಗಳಿಗೆ ಇಂಡಕ್ಷನ್ ಒಲೆ ಸಾಕು ಎಂದುಕೊಳ್ಳಬೇಡಿ, ವೋಲ್ಟೇಜ್ 170ಕ್ಕೆ ಇಳಿದಾಗ ಅದು ಕೂಗಿ ನಿಲ್ಲುತ್ತದೆ. ಫ್ರಂಟ್ ಲೋಡ್ ವಾಷಿಂಗ್ ಮಷೀನಿನ ಹಿಂಬದಿಗೆ ಕೊಂಡಾಗ ಬಂದ ಸಾಗಣೆ ಬೋಲ್ಟುಗಳನ್ನು ಹಾಕಿಯೇ ಲಾರಿಗೆ ಏರಿಸಿ. ಡ್ರಮ್ ತೂಗಾಡುತ್ತಾ ಬಂದರೆ ಸಸ್ಪೆನ್ಷನ್ ಹೋಗುತ್ತದೆ. ಇಲ್ಲಿ ಇಳಿಸಿ ಓಡಿಸುವ ಮುಂಚೆ ಅದೇ ಬೋಲ್ಟು ತೆಗೆಯಲು ಮರೆತರೆ ಮಷೀನು ಅಡುಗೆಮನೆ ತುಂಬ ಕುಣಿಯುತ್ತದೆ. ಫ್ರಿಜ್ ನಿಂತೇ ಬರಲಿ. ಮಲಗಿಸಲೇಬೇಕಾಗಿ ಬಂದಿದ್ದರೆ ನಿಲ್ಲಿಸಿದ ಮೇಲೆ ಒಂದು ರಾತ್ರಿ ಬಿಟ್ಟು ಆನ್ ಮಾಡಿ, ಕಂಪ್ರೆಸರಿನ ಎಣ್ಣೆ ಕೆಳಗಿಳಿಯಬೇಕು. ಇನ್ವರ್ಟರ್ ಬ್ಯಾಟರಿಯ ಎರಡೂ ಟರ್ಮಿನಲ್‌ಗೆ ಟೇಪ್ ಸುತ್ತಿ, ಓರೆಯಾಗದಂತೆ ಕ್ಯಾಬಿನ್ ಪಕ್ಕಕ್ಕೆ ಇಡಿಸಿ. ಪುಸ್ತಕಗಳಿಗೆ ಸಣ್ಣ ಪೆಟ್ಟಿಗೆ. 15 ಕೆಜಿ ಮೀರಿದರೆ ಇಳಿಸುವವರು ಹೊರುವುದಿಲ್ಲ, ಉರುಳಿಸುತ್ತಾರೆ.

ಎರಡು ಬೆಡ್‌ರೂಮಿನ ಮನೆಗೆ 14 ಅಡಿಯ ಗಾಡಿ ಸಾಕು. ಬಳಸಿದ ಮನೆ ಸಾಮಾನಿಗೆ ಇ-ವೇ ಬಿಲ್ ಬೇಡ, ಆದರೂ ಸಾಮಾನಿನ ಪಟ್ಟಿಯೊಂದನ್ನು ಡ್ರೈವರ್ ಕೈಗೆ ಕೊಟ್ಟಿರಿ. ಹಗಲಿನ ಬೆಳಕು ಬೇಕಾದದ್ದು ಬೆಂಗಳೂರಿನಲ್ಲಿ ಅಲ್ಲ, ಈ ತುದಿಯಲ್ಲಿ. ಸಂಜೆ ತುಂಬಿ, ರಾತ್ರಿ 11ಕ್ಕೆ ತುಮಕೂರು ರಸ್ತೆ ಹಿಡಿದರೆ ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ, ಭದ್ರಾವತಿ ದಾಟಿ ಬೆಳಕು ಹರಿಯುವ ಹೊತ್ತಿಗೆ ಶಿವಮೊಗ್ಗ, ಅಲ್ಲಿಂದ ಆನಂದಪುರದ ಮೇಲೆ ಎಂಟು ಗಂಟೆಗೆಲ್ಲ ಸಾಗರ. ಒಟ್ಟು 370 ಕಿ.ಮೀ. ಆಸುಪಾಸು. ಹಿನ್ನೀರಿನ ಆಚೆ ದಡದ ತುಮರಿ ಕಡೆಗೆ ಹೋಗುವವರು ಮೊದಲೆಲ್ಲ ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯಬೇಕಿತ್ತು. ಬೇಸಿಗೆಯಲ್ಲಿ ನೀರು ಇಳಿದರೆ ವಾಹನ ಹತ್ತಿಸುತ್ತಲೇ ಇರಲಿಲ್ಲ. 2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆದ ಮೇಲೆ ಆ ತಾಪತ್ರಯ ತಪ್ಪಿದೆ.

ಕಷ್ಟ ಇರುವುದು ಕೊನೆಯ ಎರಡು ಕಿಲೋಮೀಟರಿನಲ್ಲಿ. ಡಾಂಬರು ಮುಗಿದಲ್ಲಿ ಡ್ರೈವರ್ ಗಾಡಿ ನಿಲ್ಲಿಸಿ, ಇಳಿದು, ಮೇಲಿನ ಕೊಂಬೆ ನೋಡಿ, "ಸಾರ್, ಇದರಾಚೆ ಗಾಡಿ ಹೋಗಲ್ಲ" ಎನ್ನುತ್ತಾನೆ. ಅವನ ತಪ್ಪಿಲ್ಲ. ಮುಚ್ಚಿದ ಗಾಡಿಯ ಎತ್ತರಕ್ಕೆ ಹಲಸಿನ ಕೊಂಬೆ, ವಿದ್ಯುತ್ ತಂತಿ ಅಡ್ಡ ಬರುತ್ತವೆ. ಹೇರ್‌ಪಿನ್ ತಿರುವಿನಲ್ಲಿ ಒಂದೇ ಸಲಕ್ಕೆ ತಿರುಗುವುದಿಲ್ಲ, ಹಿಂದೆ ತೆಗೆದರೆ ಚಕ್ರ ಕಾಲುವೆಗೆ. ಆದ್ದರಿಂದ ಹಿಂದಿನ ದಿನವೇ ಊರಿನ ಬೊಲೆರೊ ಪಿಕಪ್ ಒಂದನ್ನು ಗೊತ್ತುಮಾಡಿರಬೇಕು. 14 ಅಡಿ ಗಾಡಿಯ ಸಾಮಾನು ಪಿಕಪ್ಪಿಗೆ ಮೂರು ಟ್ರಿಪ್ ಆಗುತ್ತದೆ. ಮೊದಲ ಟ್ರಿಪ್ಪಿಗೆ ಮಂಚ, ಬೀರು. ಎರಡನೆಯದಕ್ಕೆ ಫ್ರಿಜ್ಜು, ಪೆಟ್ಟಿಗೆಗಳು. ಕೊನೆಯದಕ್ಕೆ ಪಾತ್ರೆ, ಹಾಸಿಗೆ. ಪೊರಕೆ, ಬಕೆಟ್, ಟಾರ್ಚು, ಸ್ಪ್ಯಾನರ್, ಕಾಫಿ ಪುಡಿ ಲಾರಿಗೆ ಹಾಕದೆ ನಿಮ್ಮ ಕೈಯಲ್ಲೇ ಇರಲಿ. ಬೇಲಿಯ ದಣಪೆಯ ಅಗಲವನ್ನೂ ಮೊದಲೇ ಅಳೆದಿರಿ. ದನ ತಡೆಯಲು ಮಾಡಿದ ದಾರಿಯಲ್ಲಿ ಎರಡು ಬಾಗಿಲ ಬೀರು ದಾಟುವುದಿಲ್ಲ, ಬೇಲಿ ಬಿಚ್ಚಬೇಕಾಗುತ್ತದೆ. ಅದು ಪಕ್ಕದ ಮನೆಯವರ ಬೇಲಿಯಾದರೆ ಕೇಳಿ ಬಿಚ್ಚಿ, ಸಂಜೆಯೊಳಗೆ ಕಟ್ಟಿಕೊಡಿ. ಅವರ ದನ ತೋಟಕ್ಕೆ ನುಗ್ಗಿದ ಮೇಲೆ ಪರಿಚಯ ಮಾಡಿಕೊಳ್ಳುವುದು ಚೆಂದವಲ್ಲ.

ಈಗ ನೀರು. ಅಬ್ಬಿ ಎಂದರೆ ಗುಡ್ಡದ ಮೇಲಿನ ಒರತೆಯೋ ಸಣ್ಣ ಹಳ್ಳವೋ. ಅಲ್ಲೊಂದು ಪುಟ್ಟ ತೊಟ್ಟಿ, ತೊಟ್ಟಿಯಿಂದ ಕಪ್ಪು ಪ್ಲಾಸ್ಟಿಕ್ (ಎಚ್‌ಡಿಪಿಇ) ಪೈಪು, ಕೆಲವೊಮ್ಮೆ ಅರ್ಧ ಕಿಲೋಮೀಟರ್ ಉದ್ದಕ್ಕೂ ಕಾಡಿನೊಳಗೆ ಹರಿದು ಮನೆಗೆ. ಪಂಪಿಲ್ಲ, ಕರೆಂಟು ಬೇಡ. ಇಳಿಜಾರು ಕೆಲಸ ಮಾಡುತ್ತದೆ. ಏಪ್ರಿಲ್‌ನಲ್ಲಿ ಇದನ್ನು ಅಳೆಯುವುದು ಸುಲಭ: 20 ಲೀಟರ್ ಬಕೆಟ್ ಇಟ್ಟು ಗಡಿಯಾರ ನೋಡಿ. ಎರಡು ನಿಮಿಷಕ್ಕೆ ತುಂಬಿದರೆ ದಿನಕ್ಕೆ 14,400 ಲೀಟರ್, ಚಿಂತೆಯಿಲ್ಲ. ಇಪ್ಪತ್ತು ನಿಮಿಷ ಬೇಕಾದರೆ ದಿನಕ್ಕೆ 1,440 ಲೀಟರ್. ರಾತ್ರಿಯಿಡೀ ತುಂಬುವಂತೆ ಟ್ಯಾಂಕ್ ಇಟ್ಟರೆ ನಾಲ್ಕು ಜನಕ್ಕೆ ಸಾಕು, ತೋಟಕ್ಕಿಲ್ಲ. ಅದಕ್ಕಿಂತ ಕಡಿಮೆಯಾದರೆ ಬಾವಿ ಇದೆಯೇ, ಅದರ ತಳ ಕಾಣುತ್ತಿದೆಯೇ ನೋಡಿ. ಅಬ್ಬಿಯ ಮೂಲ ಎಷ್ಟು ಮನೆಗೆ ಹಂಚಿಕೆಯಾಗಿದೆ, ಯಾರ ಸರದಿ ಯಾವಾಗ ಎಂಬುದು ಯಾವ ಪಹಣಿಯಲ್ಲೂ ಬರೆದಿರುವುದಿಲ್ಲ, ಕೇಳಿಯೇ ತಿಳಿಯಬೇಕು.

ನೀರು ನಿಂತಾಗ ಬೆಂಗಳೂರಿನವರು ಮೊದಲು ನಲ್ಲಿ ಬಿಚ್ಚುತ್ತಾರೆ. ಊರಿನವರು ಪೈಪಿನ ಗುಂಟ ನಡೆಯುತ್ತಾರೆ. "ಗಾಳಿ ಹಿಡಿದಿರ್ಬೇಕು ಮಾರಾಯ್ರೆ" ಎಂಬುದೇ ಅರ್ಧದಷ್ಟು ಸಲ ನಿಜ. ಪೈಪು ದಿಬ್ಬ ಏರಿ ಇಳಿಯುವ ಕಡೆ ಗಾಳಿ ಸೇರಿಕೊಂಡು, ನೀರಿನ ಒತ್ತಡ ಸಾಲದೆ ಅಲ್ಲೇ ನಿಲ್ಲುತ್ತದೆ. ಪ್ರತಿ ದಿಬ್ಬದ ನೆತ್ತಿಯಲ್ಲೂ 'T' ಆಕಾರದ ಒಂದು ಜೋಡಣೆ ಹಾಕಿ, ಸಣ್ಣ ವಾಲ್ವ್ ಕೊಟ್ಟರೆ, ತಿರುಗಿಸಿದ ಕೂಡಲೇ ಬುಸ್ಸೆಂದು ಗಾಳಿ ಹೋಗಿ, ಉಗುಳಿ ಉಗುಳಿ ನೀರು ಬರುತ್ತದೆ. ಧಾರೆ ಸರಿಯಾದ ಮೇಲೆ ಮುಚ್ಚಿದರಾಯಿತು. ವಾಲ್ವ್ ಇಲ್ಲದ ಕಡೆ ಜಾಯಿಂಟು ಬಿಚ್ಚಿ ಬಾಯಲ್ಲಿ ಎಳೆಯುವುದೊಂದೇ ದಾರಿ. ಮೊದಲ ಮಳೆಗೆ ಎಲೆ ಕಟ್ಟಿಕೊಳ್ಳುತ್ತದೆ, ಏಡಿ ಸಿಕ್ಕಿಬೀಳುತ್ತದೆ. ತೊಟ್ಟಿಯೊಳಗಿನ ಪೈಪಿನ ಬಾಯಿಗೆ ಒಂದು ಅಡಿ ಪಿವಿಸಿ ತುಂಡು, ಅದಕ್ಕೆ ಸುತ್ತಲೂ ಸಣ್ಣ ತೂತು, ಮೇಲೆ ಸೊಳ್ಳೆಪರದೆ ಸುತ್ತಿ, ತಳದ ಮರಳಿಗಿಂತ ಅರ್ಧ ಅಡಿ ಮೇಲಿರುವಂತೆ ಕಟ್ಟಬೇಕು. ಮುಳ್ಳುಹಂದಿ ಪೈಪು ಕಡಿಯುವುದೂ ಉಂಟು. ಒಂದೆರಡು ಜೋಡಣೆ, ಹ್ಯಾಕ್‌ಸಾ ಬ್ಲೇಡು, ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಮನೆಯಲ್ಲಿರಲಿ. ಒತ್ತಡದ ಲೆಕ್ಕವೂ ಇದೆ: ಮನೆಗಿಂತ ತೊಟ್ಟಿ 10 ಮೀಟರ್ ಎತ್ತರದಲ್ಲಿದ್ದರೆ ಸುಮಾರು 1 ಬಾರ್. ಎರಡು ಮೀಟರಿನ ಸ್ಟ್ಯಾಂಡಿನ ಮೇಲೆ ಟ್ಯಾಂಕಿಟ್ಟು ಅಲ್ಲಿಂದ ವಾಷಿಂಗ್ ಮಷೀನಿಗೆ ಕೊಟ್ಟರೆ ನೀರು ಸಾಲದೆಂದು ಅದು ಎರರ್ ತೋರಿಸುತ್ತದೆ. ಅದಕ್ಕೆ ಮೇಲಿನ ತೊಟ್ಟಿಯ ಲೈನಿನಿಂದಲೇ ನೇರ ಕವಲು ಕೊಡಿ.

ಕರೆಂಟು ಮಳೆಗಾಲದಲ್ಲಿ ಮರ ಬಿದ್ದರೆ ಎರಡು ದಿನ ಬಾರದಿರುವುದು ವಿಶೇಷವೇನಲ್ಲ. 150 ಎಎಚ್ (ಆಂಪಿಯರ್-ಅವರ್), 12 ವೋಲ್ಟಿನ ಇನ್ವರ್ಟರ್ ಬ್ಯಾಟರಿ ಕಾಗದದಲ್ಲಿ 1,800 ವಾಟ್-ಅವರ್, ಕೈಗೆ ಸಿಗುವುದು 1,200ರ ಆಸುಪಾಸು. ಐದು ಎಲ್‌ಇಡಿ ದೀಪ, ಒಂದು ಲ್ಯಾಪ್‌ಟಾಪ್, ರೂಟರ್ ಸೇರಿ 100 ವಾಟ್ ಎಳೆದರೆ ಹನ್ನೆರಡು ಗಂಟೆ. ವರ್ಕ್ ಫ್ರಮ್ ಹೋಮ್ ನಂಬಿ ಬಂದವರು ಗಮನಿಸಬೇಕಾದ್ದು ಬೇರೆ: ನಿಮ್ಮ ಮನೆಯಲ್ಲಿ ಇನ್ವರ್ಟರ್ ಇದ್ದರೂ ಫೈಬರ್ ಕಳಿಸುವ ಎಕ್ಸ್‌ಚೇಂಜಿನ ಬ್ಯಾಟರಿ ಸತ್ತರೆ ನೆಟ್ ಇಲ್ಲ. ಜುಲೈ ತಿಂಗಳಲ್ಲಿ ಸೋಲಾರ್ ನೆಚ್ಚಬೇಡಿ. ಗುಡುಗು ಕೇಳಿದೊಡನೆ ರೂಟರಿನ ಅಡಾಪ್ಟರ್ ಕೀಳಿ. ಫೈಬರಿನಲ್ಲಿ ಮಿಂಚು ಹರಿಯುವುದಿಲ್ಲ, ಅಡಾಪ್ಟರಿನ ದಾರಿಯಲ್ಲಿ ಬರುತ್ತದೆ. ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿ ಅರ್ತಿಂಗ್ ಕೆಲಸ ಮಾಡುವುದಿಲ್ಲ, ಮಾರ್ಚಿನಿಂದ ಅರ್ತಿಂಗ್ ಗುಂಡಿಗೆ ವಾರಕ್ಕೆರಡು ಸಲ ನೀರು ಸುರಿಯಿರಿ.

ಡಿಸೆಂಬರಿನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಾದ ಈ ಜ್ವರ ಉಣ್ಣಿ ಕಚ್ಚುವುದರಿಂದ ಬರುತ್ತದೆ. ಕಾಡಿಗೆ ದರಕು, ಸೌದೆಗೆಂದು ಹೋಗುವವರು ಆರೋಗ್ಯ ಇಲಾಖೆ ಕೊಡುವ, ಉಣ್ಣಿ ಹತ್ತದಂತೆ ತಡೆಯುವ ಡೆಪಾ ಎಣ್ಣೆ ಹಚ್ಚಿಕೊಳ್ಳುತ್ತಾರೆ. ಬಂದ ವಾರದಲ್ಲೇ ಆಶಾ ಕಾರ್ಯಕರ್ತೆಯ ಪರಿಚಯ ಮಾಡಿಕೊಂಡು ನೀವೂ ತೆಗೆದಿಟ್ಟುಕೊಳ್ಳಿ. ಹೊರಗಿನಿಂದ ಬಂದ ಮೇಲೆ ಬಟ್ಟೆ ಬಿಸಿನೀರಿಗೆ ಹಾಕಿ, ಮೈ ಪರೀಕ್ಷಿಸಿ ಸ್ನಾನ. ಸತ್ತ ಮಂಗ ಕಂಡರೆ ಮುಟ್ಟದೆ ತಿಳಿಸಿ, ಜ್ವರ ಬಂದರೆ ಮಾತ್ರೆ ನುಂಗಿ ಮಲಗದೆ ಆಸ್ಪತ್ರೆಗೆ ಹೋಗಿ. ಮಳೆಗಾಲದ ಉಂಬಳಕ್ಕೆ (ಜಿಗಣೆಗೆ) ಇಷ್ಟೆಲ್ಲ ಬೇಡ, ಸುಣ್ಣ ಮುಟ್ಟಿಸಿದರೆ ಬಿಡುತ್ತದೆ.

ಮೇ ತಿಂಗಳ ಮೊದಲ ಜೋರು ಮಳೆ ಬಂದಾಗ ಸೀಮೆಸುಣ್ಣ, ಟಾರ್ಚು ಹಿಡಿದು ಅಟ್ಟ ಹತ್ತಿ. ಹನಿ ಬೀಳುವ ಜಾಗದ ನೇರ ಮೇಲಿನ ಹಂಚೇ ಒಡೆದಿರಬೇಕೆಂದಿಲ್ಲ. ನೀರು ಇಳಿಜಾರಾಗಿ ಕೂತ ಪಕಾಸಿನ ಮರದ ಗುಂಟ ಹರಿದು ಎರಡು ಸಾಲು ಕೆಳಗೆ ಬೀಳುತ್ತಿರುತ್ತದೆ. ಒದ್ದೆಯಾದ ಪಕಾಸನ್ನು ಮೇಲಕ್ಕೆ ಹಿಂಬಾಲಿಸಿ, ಒದ್ದೆ ಶುರುವಾದಲ್ಲಿ ಗುರುತು ಹಾಕಿ. ಹಂಚು ಬದಲಿಸುವುದು ಮಳೆ ನಿಂತು ಎರಡು ಬಿಸಿಲು ಬಿದ್ದ ಮೇಲೆ. ಪಾಚಿ ಕಟ್ಟಿದ ಒದ್ದೆ ಹಂಚಿನ ಮೇಲೆ ಊರಿನ ಹಳಬರೂ ಕಾಲಿಡುವುದಿಲ್ಲ.