ಗಡಿಯಾಚೆಯಿಂದ ಸೆಕೆಂಡ್ ಹ್ಯಾಂಡ್ ಕಾರು ತರುವ ಡಬ್ಲಿನ್ ಕನ್ನಡಿಗರಿಗೆ

"ಬೆಳಿಗ್ಗೆ ರೈಲು ಹತ್ತು, ಮಧ್ಯಾಹ್ನ ಕಾರು ತಗೋ, ಸಂಜೆ ಮನೆಗೆ ಬಾ. ಅಷ್ಟೇ ಕಣೋ." ಟ್ಯಾಲಾದಲ್ಲಿರುವ ಶಿವಮೊಗ್ಗದ ಅಕ್ಕ ನನಗೆ ಹೇಳಿದ್ದು ಇಷ್ಟೇ. ಅವರು 2018ರಲ್ಲಿ ಬೆಲ್‌ಫಾಸ್ಟ್‌ನಿಂದ ಕಾರು ತಂದವರು. ಅವರ ಮಟ್ಟಿಗೆ ಅದು ಒಂದೇ ದಿನದ ಕೆಲಸ. ನನಗೆ 2024ರಲ್ಲಿ ಎರಡು ತಿಂಗಳು ಹಿಡಿಯಿತು. ಅಕ್ಕ ತಪ್ಪು ಹೇಳಿರಲಿಲ್ಲ. ನಡುವೆ ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಟ್ಟ ಬ್ರೆಕ್ಸಿಟ್ ಬಂದು ಹೋಗಿತ್ತು.

ಈಗಲೂ ಹಳೆ ಸಲಹೆಯನ್ನೇ ನಂಬಿ ಹೊರಡುವವರನ್ನು ನೋಡುತ್ತಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಐರ್ಲೆಂಡ್‌ನವರು ಕಾರಿಗೆ ಬ್ರಿಟನ್ ಕಡೆ ನೋಡುವುದಕ್ಕೆ ಒಂದು ಸರಳ ಕಾರಣ ಇದೆ. ಇಲ್ಲಿ ನಮ್ಮೂರಿನ ಹಾಗೆ ಎಡಗಡೆ ಓಡಿಸುತ್ತೇವೆ, ಸ್ಟೇರಿಂಗ್ ಬಲಕ್ಕೆ. ಯುರೋಪಿಯನ್ ಒಕ್ಕೂಟದಲ್ಲಿ ಹೀಗೆ ಓಡಿಸುವ ದೇಶಗಳು ಐರ್ಲೆಂಡ್, ಮಾಲ್ಟಾ, ಸೈಪ್ರಸ್ ಮಾತ್ರ. ಜರ್ಮನಿಯಲ್ಲಿ ಎಷ್ಟೇ ಒಳ್ಳೆ ಕಾರಿದ್ದರೂ ನಮಗೆ ಅಷ್ಟು ಉಪಯೋಗವಿಲ್ಲ. ಉಳಿದದ್ದು ಪಕ್ಕದ ಬ್ರಿಟನ್. 2016ರ ಜೂನ್ 23ರ ಬ್ರೆಕ್ಸಿಟ್ ಮತದಾನದ ಮೊದಲು ಒಂದು ಪೌಂಡ್‌ಗೆ ಸುಮಾರು 1.30 ಯೂರೋ ಇತ್ತು. 2017ರಲ್ಲಿ ಅದು 1.10ರ ಹತ್ತಿರಕ್ಕೆ ಇಳಿಯಿತು. ಕಾರು ಅಗ್ಗವಾಯಿತು, ಜನ ಮುಗಿಬಿದ್ದರು. 2019ರಲ್ಲಿ 1 ಲಕ್ಷಕ್ಕೂ ಹೆಚ್ಚು ಹಳೆ ಕಾರುಗಳು ಐರ್ಲೆಂಡ್‌ಗೆ ಬಂದವು. ಅಕ್ಕನ ಕಾರು ಆ ಕಾಲದ್ದು. ಆಗ ಕಟ್ಟಬೇಕಾಗಿದ್ದ ದೊಡ್ಡ ತೆರಿಗೆ ಒಂದೇ: ವಿಆರ್‌ಟಿ, ಅಂದರೆ ನೋಂದಣಿ ತೆರಿಗೆ. ಪುಣೆಯ ಗಾಡಿಯನ್ನು ಬೆಂಗಳೂರಿಗೆ ತಂದು ಲೈಫ್ ಟ್ಯಾಕ್ಸ್ ಕಟ್ಟಿದವರಿಗೆ ಇದು ಬೇಗ ಅರ್ಥವಾಗುತ್ತದೆ.

2020ರ ಡಿಸೆಂಬರ್ 31ಕ್ಕೆ ಆ ಕಾಲ ಮುಗಿಯಿತು. ಮರುದಿನದಿಂದ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ನ ಕಾರು ನಮಗೆ ಹೊರದೇಶದ ಸರಕು. 10% ಕಸ್ಟಮ್ಸ್ ಸುಂಕ, ಅದನ್ನೂ ಸೇರಿಸಿ ಬರುವ ಮೊತ್ತದ ಮೇಲೆ ವ್ಯಾಟ್, ಆಮೇಲೆ ವಿಆರ್‌ಟಿ. ವ್ಯಾಟ್ ಈಗ 23%. ಉತ್ತರ ಐರ್ಲೆಂಡ್ ಮಾತ್ರ ಬೇರೆ. ಅದು ಬ್ರಿಟನ್ನಿನ ಭಾಗವೇ. ಆದರೆ ಸರಕಿನ ವಿಷಯದಲ್ಲಿ ಯುರೋಪಿನ ನಿಯಮಗಳಲ್ಲೇ ಉಳಿದಿದೆ. ಹಾಗಾಗಿ ನಿಜವಾಗಿ ಅಲ್ಲೇ ಇದ್ದ, ಅಲ್ಲೇ ಓಡಿದ ಕಾರಿಗೆ ಸುಂಕವೂ ಇಲ್ಲ, ವ್ಯಾಟೂ ಇಲ್ಲ. ಆದರೆ ಅಲ್ಲೇ ಇತ್ತು, ಅಲ್ಲೇ ಓಡಿತ್ತು ಎಂದು ತೋರಿಸಬೇಕಾದವರು ನಾವು. ನನ್ನ ಎರಡು ತಿಂಗಳು ಕಳೆದದ್ದು ಇದರಲ್ಲೇ.

ಕಾರಿಗಿಂತ ಮೊದಲು ನಿಮ್ಮ ಪಾಸ್‌ಪೋರ್ಟ್ ನೋಡಿಕೊಳ್ಳಿ. ಡಬ್ಲಿನ್‌ನಿಂದ ಬೆಲ್‌ಫಾಸ್ಟ್‌ಗೆ ಹೋಗುವ ದಾರಿಯಲ್ಲಿ ಗೇಟಿಲ್ಲ, ಚೆಕ್‌ಪೋಸ್ಟ್ ಇಲ್ಲ. ಅದನ್ನು ನೋಡಿ ಎಷ್ಟೋ ಜನ ವೀಸಾ ಬೇಡ ಅಂದುಕೊಂಡಿದ್ದಾರೆ. ಅದು ತಪ್ಪು. ಗಡಿ ದಾಟಿ ಆರಾಮಾಗಿ ಓಡಾಡುವ ಹಕ್ಕು ಐರಿಷ್ ಮತ್ತು ಬ್ರಿಟಿಷ್ ಪ್ರಜೆಗಳಿಗೆ ಇದೆ. ಅಕ್ಕನ ಹತ್ತಿರ ಐರಿಷ್ ಪಾಸ್‌ಪೋರ್ಟ್ ಇತ್ತು. ನನ್ನದು ಭಾರತದ್ದು. ಇಲ್ಲಿಯ ರೆಸಿಡೆನ್ಸ್ ಕಾರ್ಡ್ ಇದ್ದರೂ ನನಗೆ ಬ್ರಿಟನ್ ವೀಸಾ ಬೇಕೇ ಬೇಕು. ವಾಪಸ್ ಬರುವಾಗ ಬಸ್ಸು, ರೈಲಿನಲ್ಲಿ ಗಾರ್ಡಾ ಪೊಲೀಸರು ಹತ್ತಿ ದಾಖಲೆ ಕೇಳುವುದೂ ಉಂಟು. ಸುಮ್ನೆ ಹೋಗಿ ಬಂದರಾಯಿತು ಅಂತ ಹೊರಡಬೇಡಿ. ಒಂದು ಕಾರಿಗೋಸ್ಕರ ಮುಂದಿನ ವೀಸಾ, ಪೌರತ್ವದ ಅರ್ಜಿಗೆ ಕಲೆ ಹಚ್ಚಿಕೊಳ್ಳುವುದು ಬೇಡ. ನಾನು 6 ತಿಂಗಳ ಪ್ರವಾಸಿ ವೀಸಾ ತೆಗೆದುಕೊಂಡೆ. ಆಗ 115 ಪೌಂಡ್. ಆ 6 ತಿಂಗಳಲ್ಲಿ ಎಷ್ಟು ಸಲ ಬೇಕಾದರೂ ಹೋಗಿಬರಬಹುದಿತ್ತು. ಅದು ಒಳ್ಳೆಯದೇ ಆಯಿತು, ಯಾಕೆಂದರೆ ಮೊದಲ ಸಲ ನಾನು ಬರಿಗೈಯಲ್ಲಿ ವಾಪಸ್ ಬಂದೆ.

ಮೊದಲು ನೋಡಿದ್ದು ನ್ಯೂರಿ ಹತ್ತಿರದ ಒಬ್ಬ ಡೀಲರ್ ಬಳಿ. ಕಾರು ಚೆನ್ನಾಗಿತ್ತು, ಬೆಲೆಯೂ ಹಿಡಿಸಿತು. ನಂಬರ್ ಪ್ಲೇಟ್ ನೋಡಿದರೆ ಇಂಗ್ಲೆಂಡಿನದು. "ಉತ್ತರ ಐರ್ಲೆಂಡ್‌ನಲ್ಲೇ ಮಾರುತ್ತಿದ್ದೇನೆ, ನಿಮಗೆ ವ್ಯಾಟ್ ಬರುವುದಿಲ್ಲ" ಎಂದು ಆತ ಪದೇ ಪದೇ ಹೇಳಿದ. ಕಾರು ಇಂಗ್ಲೆಂಡಿನಿಂದ ಬಂದಾಗಿನ ಕಸ್ಟಮ್ಸ್ ಕಾಗದ ಕೊಡಿ ಅಂದೆ. ಕಳಿಸುತ್ತೇನೆ ಅಂದ, ಅಡ್ವಾನ್ಸ್ ಕೇಳಿದ. ನಾನು ಕೊಡಲಿಲ್ಲ. ಕಾಗದ ಕೊನೆಗೂ ಬರಲೇ ಇಲ್ಲ. ಅವತ್ತು 500 ಪೌಂಡ್ ಕೊಟ್ಟಿದ್ದರೆ ಅದನ್ನು ಬಿಡಲಾಗದೆ ಕಾರನ್ನೇ ತೆಗೆದುಕೊಂಡುಬಿಡುತ್ತಿದ್ದೆನೇನೋ. ದಯವಿಟ್ಟು ಇದನ್ನು ನೆನಪಿಡಿ: ಕಾರು ಎಲ್ಲಿ ನಿಂತಿದೆ ಎಂಬುದು ಮುಖ್ಯವಲ್ಲ, ಎಲ್ಲಿಂದ ಹೇಗೆ ಅಲ್ಲಿಗೆ ಬಂತು ಎಂಬುದು ಮುಖ್ಯ.

ಪ್ಲೇಟ್ ಒಂದು ಸುಳಿವು ಅಷ್ಟೇ. ಉತ್ತರ ಐರ್ಲೆಂಡ್ ನಂಬರ್‌ಗಳಲ್ಲಿ ಮೂರು ಅಕ್ಷರ ಇರುತ್ತವೆ, ಅದರಲ್ಲಿ ಐ ಅಥವಾ ಝಡ್ ಇದ್ದೇ ಇರುತ್ತದೆ. ಆದರೆ ಇಂಗ್ಲೆಂಡಿನ ಜನ ಕಾರಿನ ವಯಸ್ಸು ಕಾಣದಿರಲಿ ಅಂತ ಅಂಥ ನಂಬರ್ ಕೊಂಡು ಹಾಕಿಸಿಕೊಳ್ಳುತ್ತಾರೆ. ಪ್ಲೇಟ್ ನಂಬಿ ದುಡ್ಡು ಕೊಡಬೇಡಿ.

ಇನ್ನೂ ಗಟ್ಟಿ ಸುಳಿವು ಎಂಒಟಿ, ಅಂದರೆ ಅಲ್ಲಿಯ ಫಿಟ್‌ನೆಸ್ ಪರೀಕ್ಷೆ. ಇಂಗ್ಲೆಂಡ್ ಕಡೆ ಇದನ್ನು ಖಾಸಗಿ ಗ್ಯಾರೇಜುಗಳು ಮಾಡುತ್ತವೆ. ಉತ್ತರ ಐರ್ಲೆಂಡ್‌ನಲ್ಲಿ ಸರ್ಕಾರದ್ದೇ ಕೇಂದ್ರಗಳು. ಅಲ್ಲಿ ಕಾರಿಗೆ 4 ವರ್ಷ ತುಂಬಿದಾಗ ಮೊದಲ ಪರೀಕ್ಷೆ, ಇಂಗ್ಲೆಂಡಿನಲ್ಲಿ 3 ವರ್ಷಕ್ಕೇ. ಬ್ರಿಟನ್ ಸರ್ಕಾರದ ವೆಬ್‌ಸೈಟಿನಲ್ಲಿ ನಂಬರ್ ಹಾಕಿದರೆ ಹಿಂದಿನ ಪರೀಕ್ಷೆಗಳು, ಆಗಿನ ಮೈಲಿ ಲೆಕ್ಕ ಎಲ್ಲ ಪುಕ್ಕಟೆ ಸಿಗುತ್ತದೆ. ಒಂದು ಮಾತು: 2020ರಲ್ಲಿ ಉತ್ತರ ಐರ್ಲೆಂಡ್ ಕಾರಿಗೆ ಪರೀಕ್ಷೆ ಆಗದೇ ಇದ್ದರೆ ಗಾಬರಿ ಬೀಳಬೇಡಿ. ಆ ಜನವರಿಯಲ್ಲಿ ಕೇಂದ್ರಗಳ ಲಿಫ್ಟ್‌ಗಳಲ್ಲಿ ಬಿರುಕು ಕಂಡು ಪರೀಕ್ಷೆ ನಿಂತುಹೋಗಿತ್ತು. ಹಿಂದೆಯೇ ಕೋವಿಡ್ ಬಂತು. ಇದರ ಜೊತೆಗೆ ದುಡ್ಡು ಕೊಟ್ಟು ಪೂರ್ತಿ ಹಿಸ್ಟರಿ ಚೆಕ್ ಮಾಡಿಸಿ. ಸಾಲ ಬಾಕಿ ಇದೆಯಾ, ಅಪಘಾತವಾಗಿ ಇನ್ಶೂರೆನ್ಸ್‌ನವರು ಕೈಬಿಟ್ಟ ಗಾಡಿಯಾ ಎಂದು ಅದರಲ್ಲಿ ತಿಳಿಯುತ್ತದೆ.

ಕೊನೆಗೆ ಸಿಕ್ಕಿದ್ದು 2017ರ ಟೊಯೊಟಾ ಆರಿಸ್ ಹೈಬ್ರಿಡ್. ಆರ್ಮಾ ಕೌಂಟಿಯಲ್ಲಿ, ಪೋರ್ಟಡೌನ್ ಹತ್ತಿರ, ನಿವೃತ್ತ ಮೇಷ್ಟ್ರೊಬ್ಬರ ಕಾರು. ಹೊಸದಾಗಿ ಕೊಂಡ ದಿನದಿಂದ ಅವರದೇ. ನೋಡಲು ಹೋಗುವ ಮೊದಲೇ ಮೂರು ಫೋಟೋ ಕೇಳಿದೆ: ವಿ5ಸಿ ಲಾಗ್‌ಬುಕ್, ಹಳೆ ಎಂಒಟಿ ಸರ್ಟಿಫಿಕೇಟ್‌ಗಳು, ಸರ್ವಿಸ್ ಬಿಲ್‌ಗಳು. ಲಾಗ್‌ಬುಕ್ ಅಂದರೆ ನಮ್ಮ ಆರ್‌ಸಿ ಬುಕ್ ಇದ್ದ ಹಾಗೆ. ಹಿರಿಯರು ಎಲ್ಲವನ್ನೂ ಒಂದು ಬಿಸ್ಕತ್ತಿನ ಡಬ್ಬದಲ್ಲಿ ಇಟ್ಟಿದ್ದರು. 2020ಕ್ಕಿಂತ ಮೊದಲೇ ಅಲ್ಲೇ ನೋಂದಣಿ, ಅಲ್ಲಿಯದೇ ವಿಳಾಸ, ಅಲ್ಲಿಯದೇ ಬಿಲ್‌ಗಳು. ನನಗೆ ಬೇಕಾಗಿದ್ದದ್ದು ಅದೇ ಡಬ್ಬ.

ಈಗ ಲೆಕ್ಕ. ಕಾರಿಗೆ 9,200 ಪೌಂಡ್, ಆಗಿನ ದರದಲ್ಲಿ ಸುಮಾರು 10,760 ಯೂರೋ. ವಿಆರ್‌ಟಿಯನ್ನು ನಾವು ಕೊಟ್ಟ ಬೆಲೆಯ ಮೇಲೆ ಹಾಕುವುದಿಲ್ಲ. ಅದೇ ಕಾರು ಐರ್ಲೆಂಡ್‌ನಲ್ಲಿ ಎಷ್ಟಕ್ಕೆ ಹೋಗುತ್ತದೆ ಎಂದು ತೆರಿಗೆ ಇಲಾಖೆ ಅಂದಾಜು ಮಾಡುತ್ತದೆ, ಅದರ ಮೇಲೆ. ಅಗ್ಗಕ್ಕೆ ಕೊಂಡರೆ ತೆರಿಗೆಯೂ ಇಳಿಯುತ್ತದೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನನ್ನ ಕಾರಿಗೆ ಅವರು ಇಟ್ಟ ಬೆಲೆ 14,500 ಯೂರೋ. ದರ ಇಂಗಾಲದ ಹೊಗೆಯ ಮೇಲೆ 7%ರಿಂದ 41%ವರೆಗೆ ಇದೆ. ಲಾಗ್‌ಬುಕ್‌ನಲ್ಲಿ ನನ್ನ ಕಾರಿನ ಅಂಕಿ ಕಿಲೋಮೀಟರ್‌ಗೆ 80 ಗ್ರಾಂ ಆಸುಪಾಸು ಇತ್ತು. ಖುಷಿಪಟ್ಟೆ. ಆದರೆ ಅದು ಹಳೆ ಪರೀಕ್ಷೆಯ ಅಂಕಿ. ಹೊಸ ಅಳತೆಗೆ ಪರಿವರ್ತಿಸಿದಾಗ 110ರ ಹತ್ತಿರಕ್ಕೆ ಹೋಯಿತು. ದರ 13.5%, ತೆರಿಗೆ 1,957 ಯೂರೋ. ಎಲ್ಲ ಸೇರಿ 12,700 ಚಿಲ್ಲರೆ. ಇಲ್ಲೇ ಕೊಳ್ಳುವುದಕ್ಕಿಂತ ಸುಮಾರು 1,700 ಉಳಿಯಿತು. ಅದರಲ್ಲಿ ವೀಸಾ, ಎರಡು ಸಲದ ರೈಲು, ರಜೆ ಕಳೆಯಿರಿ.

ಇದೇ ಕಾರು ಮ್ಯಾಂಚೆಸ್ಟರ್‌ನಲ್ಲಿ ಇದೇ ಬೆಲೆಗೆ ಸಿಕ್ಕಿದ್ದರೆ? ಸುಂಕ ಸೇರಿ 11,840, ವ್ಯಾಟ್ ಸೇರಿ 14,560, ವಿಆರ್‌ಟಿ ಸೇರಿ 16,500 ದಾಟುತ್ತಿತ್ತು. ಆರಿಸ್ ತಯಾರಾಗಿದ್ದು ಇಂಗ್ಲೆಂಡಿನ ಡರ್ಬಿಶೈರ್‌ನಲ್ಲೇ. ಅಲ್ಲಿಯದೇ ಸರಕು ಎಂದು ಸರಿಯಾದ ದಾಖಲೆ ಕೊಟ್ಟರೆ ಸುಂಕ ತಪ್ಪಬಹುದು. ಆದರೂ ವ್ಯಾಟ್ ತಪ್ಪುವುದಿಲ್ಲ, 15,000 ದಾಟುತ್ತದೆ. ಆ ಕಡೆಯ ಜಾಹೀರಾತು ನೋಡಿ ಆಸೆಪಡುವವರು ಮೊದಲು ಈ ಗುಣಾಕಾರ ಮಾಡಿ ನೋಡಿ.

ಹಳೆ ಡೀಸೆಲ್ ಕಾರಿನ ಯೋಚನೆ ಇದ್ದರೆ ಇನ್ನೂ ಜಾಗ್ರತೆ. 2020ರಿಂದ ನೈಟ್ರೋಜನ್ ಆಕ್ಸೈಡ್ ಹೊಗೆಗೆ ಬೇರೆ ತೆರಿಗೆ ಇದೆ. ಮೊದಲ 40 ಮಿಲಿಗ್ರಾಂಗೆ ತಲಾ 5 ಯೂರೋ, ಮುಂದಿನ 40ಕ್ಕೆ ತಲಾ 15, ಅದಕ್ಕೂ ಮೇಲೆ ತಲಾ 25. ಕಿಲೋಮೀಟರ್‌ಗೆ 180 ಮಿಲಿಗ್ರಾಂ ಇರುವ ಡೀಸೆಲ್‌ಗೆ 3,300 ಯೂರೋ ಬರೀ ಇದಕ್ಕೇ ಹೋಗುತ್ತದೆ. ಅಂಕಿಗೆ ದಾಖಲೆ ಇಲ್ಲದಿದ್ದರೆ ಗರಿಷ್ಠ ಮೊತ್ತ 4,850 ಹಾಕುತ್ತಾರೆ. ನನ್ನ ಹೈಬ್ರಿಡ್‌ಗೆ ಬಂದದ್ದು ಬರೀ ಹತ್ತಾರು ಯೂರೋ.

ಹೋದ ದಿನದ ಮಾತು. ಡಬ್ಲಿನ್ ಕೊನೊಲಿ ಸ್ಟೇಷನ್‌ನಿಂದ ಎಂಟರ್‌ಪ್ರೈಸ್ ರೈಲು. ಪೋರ್ಟಡೌನ್‌ನಲ್ಲೇ ನಿಲ್ಲುತ್ತದೆ, ಬೆಲ್‌ಫಾಸ್ಟ್ ತನಕ ಹೋಗಬೇಕಾಗಿಲ್ಲ. ಹಿರಿಯರು ಅದೇ ಕಾರಿನಲ್ಲಿ ಕರೆದುಕೊಂಡು ಹೋಗಲು ಬಂದಿದ್ದರು. ಎರಡು ವರ್ಷ ನಿಂತುಹೋಗಿದ್ದ ಉತ್ತರ ಐರ್ಲೆಂಡ್‌ನ ಸ್ಟಾರ್ಮಾಂಟ್ ಸರ್ಕಾರ ಆ ಫೆಬ್ರವರಿಯಲ್ಲಷ್ಟೇ ಮತ್ತೆ ಶುರುವಾಗಿತ್ತು. ಟೀ ಕೊಟ್ಟರು, ಅದೇ ವಿಷಯ ಮಾತಾಡಿದರು. ಅವರ ಮನೆಯವರು ಪ್ರತಿ ವಾರ ಗಡಿ ದಾಟಿ ಡಂಡಾಕ್‌ನಲ್ಲಿರುವ ಮಗಳ ಮನೆಗೆ ಹೋಗುತ್ತಾರಂತೆ. ಆ ರಸ್ತೆಯಲ್ಲಿ ಮತ್ತೆ ಗೇಟು ಬರಬಾರದು, ಅಷ್ಟು ಸಾಕು ಅಂದರು.

ದುಡ್ಡನ್ನು ರೆವಲ್ಯೂಟ್‌ನಲ್ಲಿ ಪೌಂಡ್ ಮಾಡಿ ಅವರ ಖಾತೆಗೆ ಕಳಿಸಿದೆ. ನಿಮಿಷದಲ್ಲಿ ಸೇರಿತು. ರಸೀದಿ ಕೈಬರಹದ್ದು: ಇಬ್ಬರ ಹೆಸರು, ವಿಳಾಸ, ದಿನಾಂಕ, ಬೆಲೆ, ಚಾಸಿ ನಂಬರ್, ಓಡಿದ ಮೈಲಿ, ಸಹಿ. ಲಾಗ್‌ಬುಕ್‌ನಲ್ಲಿ ದೇಶದಿಂದ ಹೊರಗೆ ಹೋಗುವ ಕಾರಿಗೆಂದೇ ಒಂದು ಭಾಗ ಇದೆ. ಮಾರುವವರು ಅದನ್ನು ತುಂಬಿ ಹರಿದು ಸ್ವಾನ್ಸಿಯಲ್ಲಿರುವ ಬ್ರಿಟನ್ನಿನ ವಾಹನ ನೋಂದಣಿ ಕಚೇರಿ ಡಿವಿಎಲ್‌ಎಗೆ ಅಂಚೆಯಲ್ಲಿ ಕಳಿಸಬೇಕು. ಉಳಿದ ಪುಸ್ತಕ ನಿಮಗೆ. ಹಿರಿಯರು ಅಭ್ಯಾಸಬಲದಿಂದ ಆನ್‌ಲೈನ್‌ನಲ್ಲಿ ಮಾಮೂಲಿ ಮಾರಾಟ ಅಂತ ಒತ್ತಲು ಹೋದರು, ನಾನು ತಡೆದೆ. ಹಾಗೆ ಒತ್ತಿದರೆ ಹಳೆ ಲಾಗ್‌ಬುಕ್ ರದ್ದಾಗಿ ತಲೆನೋವಾಗುತ್ತದೆ.

ಇನ್ಶೂರೆನ್ಸ್ ಹಿಂದಿನ ದಿನವೇ ಮುಗಿಸಿರಿ. ನನ್ನ ಕಂಪನಿ ಬ್ರಿಟನ್ ನಂಬರ್ ಮೇಲೇ ಕೆಲವು ವಾರಕ್ಕೆ ಕವರ್ ಕೊಟ್ಟಿತು. ಎಲ್ಲರೂ ಕೊಡುವುದಿಲ್ಲ, ಫೋನ್ ಮಾಡಿ ಕೇಳಿ. ದಾರಿಯಲ್ಲಿ ಸ್ಪೀಡೋಮೀಟರ್ ಮೈಲಿಯದು ಎಂಬುದು ಮರೆಯಬೇಡಿ. ನ್ಯೂರಿ ದಾಟಿದ ಮೇಲೆ ಬೋರ್ಡುಗಳು ಕಿಲೋಮೀಟರ್‌ಗೆ ತಿರುಗುತ್ತವೆ. 120 ಅಂದರೆ ನಿಮ್ಮ ಮುಳ್ಳು 75ರಲ್ಲಿ ಇರಬೇಕು, 100 ಅಂದರೆ 62ರಲ್ಲಿ. ಡಬ್ಲಿನ್ ಸುತ್ತುವ ಎಂ50 ಹೆದ್ದಾರಿ ಹಿಡಿದರೆ ಟೋಲ್‌ಗೆ ಗೇಟಿಲ್ಲ, ಕ್ಯಾಮೆರಾ ಅಷ್ಟೇ. ಮರುದಿನ ರಾತ್ರಿ 8ರ ಒಳಗೆ ಆನ್‌ಲೈನ್‌ನಲ್ಲಿ ಕಟ್ಟಿಬಿಡಿ.

ಮನೆಗೆ ಬಂದ ಮೇಲೆ ದಿನ ಎಣಿಸಿ. ಕಾರು ದೇಶದೊಳಗೆ ಬಂದ 7 ದಿನದಲ್ಲಿ ಎನ್‌ಸಿಟಿಎಸ್, ಅಂದರೆ ಇಲ್ಲಿಯ ವಾಹನ ತಪಾಸಣೆ ಕೇಂದ್ರದಲ್ಲಿ ಸಮಯ ಬುಕ್ ಮಾಡಬೇಕು, 30 ದಿನದಲ್ಲಿ ನೋಂದಣಿ ಮುಗಿಯಬೇಕು. ತಡವಾದರೆ ದಿನಕ್ಕೆ ತೆರಿಗೆಯ 0.1% ಹೆಚ್ಚು. ನಾನು ಮೊದಲ ಸಲ ವಿಳಾಸದ ಪುರಾವೆಗೆ ಹಳೇ ಕರೆಂಟ್ ಬಿಲ್ ಒಯ್ದಿದ್ದೆ, ನಡೆಯಲಿಲ್ಲ. ತಪ್ಪು ನನ್ನದೇ, ಪಟ್ಟಿಯಲ್ಲಿ ಸ್ಪಷ್ಟವಾಗಿ ಬರೆದಿತ್ತು. ಎರಡನೇ ಸಲ ಹೊಸ ಬಿಲ್, ಪಿಪಿಎಸ್ ನಂಬರ್, ಪಾಸ್‌ಪೋರ್ಟ್, ಲಾಗ್‌ಬುಕ್, ರಸೀದಿ, ತುಂಬಿದ ಫಾರ್ಮ್, ಜೊತೆಗೆ ಬಿಸ್ಕತ್ತಿನ ಡಬ್ಬದ ಅಷ್ಟೂ ಕಾಗದ ಒಯ್ದೆ. ಚಾಸಿ ನಂಬರ್, ಮೈಲಿ ನೋಡಿದರು, ಲೆಕ್ಕ ಹಾಕಿದರು, ದುಡ್ಡು ಕಟ್ಟಿದೆ. ನಂಬರ್ 171-ಡಿ ಎಂದು ಶುರುವಾಗಿತ್ತು. 2017ರ ಮೊದಲ ಅರ್ಧ, ಡಬ್ಲಿನ್ ಎಂದು ಅರ್ಥ.

ಹೊಸ ಪ್ಲೇಟ್ ಹಾಕಲು 3 ದಿನ ಕೊಡುತ್ತಾರೆ. ನಾನು ಅದೇ ಸಂಜೆ ಹಾಕಿಸಿದೆ. ಹೊಸ ನಂಬರನ್ನು ಅವತ್ತೇ ಇನ್ಶೂರೆನ್ಸ್‌ನವರಿಗೆ ತಿಳಿಸಿ, ಮೋಟಾರ್ ಟ್ಯಾಕ್ಸ್ ಕಟ್ಟಿ, ಟೋಲ್ ಖಾತೆ ಇದ್ದರೆ ಅದರಲ್ಲೂ ಬದಲಾಯಿಸಿ. ಶ್ಯಾನನ್‌ನ ಸರ್ಕಾರಿ ಕಚೇರಿಯಿಂದ ನೋಂದಣಿ ಪತ್ರ ಅಂಚೆಯಲ್ಲಿ ಬರುತ್ತದೆ. ಅದು ಕೈಗೆ ಬರುವ ತನಕ ಹಳೆ ಕಾಗದ ಒಂದನ್ನೂ ಎಸೆಯಬೇಡಿ. ನನ್ನ ಡಬ್ಬ ಈಗಲೂ ಕಪಾಟಿನಲ್ಲೇ ಇದೆ.