ಸುರಗಿ ಕೊಯ್ಯಲು ಹೋದ ಬೆಳಗು

ಮೊದಲ ದಿನ ಸುರಗಿ ಹೂ ಕೊಯ್ಯಲು ನಾನು ಎದ್ದಾಗ ಏಳು ಗಂಟೆ. ಅಂಗಳ ಗುಡಿಸುತ್ತಿದ್ದ ದೊಡ್ಡಮ್ಮ ನನ್ನ ಮುಖ ನೋಡಿ ನಕ್ಕರು.

"ಈಗ ಎದ್ರೆ ಸುರಗಿ ಸಿಗುತ್ತೇನೇ ಮಾರಾಯ್ತಿ? ಜೇನುಗಳದ್ದು ಊಟ ಮುಗ್ದು ಕೈ ತೊಳ್ಕೊಂಡಾಯ್ತು."

ಆದರೂ ಹಟ ಮಾಡಿ ಒಬ್ಬಳೇ ಹೋಗಲು ಹೊರಟೆ. ಬಿಡಲಿಲ್ಲ. "ನಾಳೆ ಐದಕ್ಕೆ ಏಳು, ಒಟ್ಟಿಗೆ ಹೋಗಣ. ಎಣ್ಣೆ ಹಚ್ಕೊಳ್ದೆ ಕಾಡಿಗೆ ಕಾಲಿಡೋದು ಬೇಡ" ಅಂದರು.

ಶಿವಮೊಗ್ಗ ಜಿಲ್ಲೆಯ ನಮ್ಮ ಸಾಗರದ ಕಡೆಯವರಿಗೆ ಎಣ್ಣೆ ಅಂದರೆ ಯಾವುದು ಅಂತ ಹೇಳಬೇಕಾಗಿಲ್ಲ. ರಕ್ತ ಹೀರುವ ಉಣುಗು, ಅಂದರೆ ಉಣ್ಣೆ, ಮೈಗೆ ಹತ್ತದಿರಲಿ ಅಂತ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ. ಆ ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು ನಮ್ಮ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. 2019ರಲ್ಲಿ ನಮ್ಮದೇ ತಾಲ್ಲೂಕಿನ ಅರಳಗೋಡಿನಲ್ಲಿ ಎಷ್ಟು ಜನ ಹೋದರು ಅನ್ನೋದು ಇಲ್ಲಿ ಯಾರೂ ಮರೆತಿಲ್ಲ. ಆ ಉಣುಗು ಹೆಚ್ಚಾಗುವುದೂ ಇದೇ ಒಣ ದಿನಗಳಲ್ಲಿ. ಕಾಡು ಹೂ ಬಿಡುವ ಕಾಲ, ಊರು ಹೆದರಿಕೊಂಡಿರುವ ಕಾಲ ಎರಡೂ ಒಂದೇ. ಚಿಕ್ಕವಳಿದ್ದಾಗ ನನಗೆ ಇದು ವಿಚಿತ್ರ ಅಂತ ಅನಿಸಿಯೇ ಇರಲಿಲ್ಲ. ಬೆಂಗಳೂರಿನಲ್ಲಿ ಹದಿನೈದು ವರ್ಷ ಇದ್ದು ಬಂದ ಮೇಲೆ ಅನಿಸುತ್ತದೆ. ಅಲ್ಲಿ ವಸಂತ ಅಂದರೆ ಟಬೆಬುಯಾ ಮರದ ಕೆಳಗೆ ಕಾರು ನಿಲ್ಲಿಸಿ ಫೋಟೋ ತೆಗೆಯುವುದು. ದಕ್ಷಿಣ ಅಮೆರಿಕದಿಂದ ಬಂದ ಮರ, ಗುಲಾಬಿ ಬಣ್ಣ, ಚೆಂದವೇ. ಆದರೆ ಮೂಗಿಗೆ ಏನೂ ಇಲ್ಲ.

ಈ ಸಲ ಯುಗಾದಿಗೆ ರಾತ್ರಿ ರೈಲಿನಲ್ಲಿ ಬಂದಿದ್ದೆ. ಕುಂಸಿ ದಾಟಿ ಬೆಳಕು ಹರಿಯುವಾಗ ಕಿಟಕಿಯಾಚೆ ಒಂದೊಂದು ಮುತ್ತುಗದ ಮರ ಕಂಡಿತು. ಎಲೆ ಒಂದೂ ಇಲ್ಲ, ಕೊಂಬೆ ತುಂಬ ಬರೀ ಕೆಂಡದ ಬಣ್ಣ. ಆಗಲೇ ಸುರಗಿ ನೆನಪಾಗಿದ್ದು. ಸುರಗಿ ಮುತ್ತುಗದ ಹಾಗೆ ದೂರದಿಂದ ಕರೆಯುವ ಹೂವಲ್ಲ. ಮೈತುಂಬ ಕಪ್ಪು ಹಸಿರು ಎಲೆ ಹೊತ್ತು ನಿಂತಿರುತ್ತದೆ. ಕಣ್ಣಿಗೆ ಕಾಣುವ ಮೊದಲು ಮೂಗಿಗೆ ಗೊತ್ತಾಗುತ್ತದೆ.

ಮರುದಿನ ಐದಕ್ಕೇ ಹೊರಟೆವು. ಕಾಲಿಗೆ ಉದ್ದ ಸಾಕ್ಸು, ಅದರೊಳಗೆ ಸಿಕ್ಕಿಸಿದ ಪ್ಯಾಂಟು, ಕೈಗೆಲ್ಲ ಎಣ್ಣೆಯ ಜಿಡ್ಡು. ದೊಡ್ಡಮ್ಮನ ಹೆಗಲ ಮೇಲೆ ದೋಟಿ, ನನ್ನ ಕೈಯಲ್ಲಿ ಬುಟ್ಟಿ, ಹಳೇ ಪಂಚೆ ಮತ್ತು ಟಾರ್ಚು. ತೋಟ ದಾಟಿ ಸೊಪ್ಪಿನ ಬೆಟ್ಟ ಹತ್ತಿದರೆ ಕಾಲಡಿ ಒಣಗಿದೆಲೆಯ ದರಕು ಚರಚರ ಅನ್ನುತ್ತದೆ. ನಮ್ಮ ಕಡೆ ಈ ತಿಂಗಳಲ್ಲಿ ನೆಲದಲ್ಲಿ ಹೂ ಹುಡುಕಿದರೆ ಸಿಗುವುದು ಕಷ್ಟ. ನೆಲದ ಹೂಗಳಿಗೆ ಮಳೆ ಬೇಕು, ಅವು ಬರುವುದು ಆಷಾಢ, ಶ್ರಾವಣದಲ್ಲಿ. ಚೈತ್ರದ ಹೂವೆಲ್ಲ ತಲೆಯ ಮೇಲೆ. ನೆಲದಲ್ಲಿ ಕಾಣುವುದು ಉದುರಿದ್ದು ಮಾತ್ರ.

ಹಾಗೆ ಮೊದಲು ಸಿಕ್ಕಿದ್ದು ಕೌಲು ಮರದ ಹೂ. ರಾತ್ರಿ ಅರಳಿ ಬೆಳಗಾಗುವುದರೊಳಗೆ ಬಿದ್ದುಬಿಡುವ ಹೂ ಅದು. ಟಾರ್ಚಿನ ಬೆಳಕಿಗೆ ಯಾರೋ ಪೌಡರ್ ಬ್ರಶ್ಶುಗಳನ್ನು ಚೆಲ್ಲಿ ಹೋದ ಹಾಗೆ ಕಂಡಿತು. ಒಂದನ್ನು ಎತ್ತಿಕೊಂಡೆ. ಕೇಸರಗಳು ಇನ್ನೂ ಒದ್ದೆಯಾಗಿದ್ದವು. ಕಟ್ಟುವುದಕ್ಕಾಗಲ್ಲ, ಮುಡಿಯುವುದಕ್ಕಾಗಲ್ಲ, ಹಾಗಾಗಿ ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ನಂತರ ಗಾಳಿ ಸ್ವಲ್ಪ ತಿರುಗಿತು. ಇಬ್ಬರೂ ಒಟ್ಟಿಗೇ ನಿಂತೆವು.

ಸುರಗಿಯ ಪರಿಮಳವನ್ನು ಹೇಗೆ ಹೇಳುವುದೋ ಗೊತ್ತಿಲ್ಲ. ಮಲ್ಲಿಗೆಯಷ್ಟು ತೆಳುವಲ್ಲ, ಸಂಪಿಗೆಯ ಹಾಗೆ ತಲೆಗೆ ಹತ್ತುವುದಿಲ್ಲ. ಸ್ವಲ್ಪ ಜೇನು, ಸ್ವಲ್ಪ ಅಜ್ಜಿಯ ಟ್ರಂಕು. ಟ್ರಂಕಿನ ವಾಸನೆ ಅಂತ ನಾನು ಅಂದುಕೊಂಡಿದ್ದೇ ಇದರದ್ದು ಇರಬೇಕು. ಒಣಗಿದ ಸುರಗಿ ದಂಡೆಯನ್ನು ಅಜ್ಜಿ ರೇಷ್ಮೆ ಸೀರೆಗಳ ಮಧ್ಯೆ ಇಡುತ್ತಿದ್ದರು. ಮುಂದಿನ ವರ್ಷದ ಹೂ ಬರುವವರೆಗೂ ಅದರ ಘಮ ಹೋಗುತ್ತಿರಲಿಲ್ಲ.

ಮರದ ಕೆಳಗೆ ಪಂಚೆ ಹಾಸಿದೆವು. ಬಟಾಣಿಯಷ್ಟು ಮೊಗ್ಗುಗಳು. ಎಲೆಯ ಸಂದಿಯಲ್ಲಲ್ಲ, ಎಲೆ ಉದುರಿದ ಹಳೇ ರೆಂಬೆಗೇ ಗುಂಪುಗುಂಪಾಗಿ ಅಂಟಿಕೊಂಡಿದ್ದವು. ಅರಳಿದ ಒಂದನ್ನು ಹತ್ತಿರ ಹಿಡಿದು ನೋಡಿದೆ. ಕೆಂಪು ಛಾಯೆಯ ಹೊರಸಿಪ್ಪೆ ಎರಡಾಗಿ ಬಿರಿದು, ಒಳಗಿಂದ ನಾಲ್ಕು ಬಿಳಿ ದಳ, ಮಧ್ಯೆ ಹಳದಿ ಕೇಸರದ ಗೊಂಚಲು. ಒಣಗಿಸಿದ ಇದೇ ಮೊಗ್ಗನ್ನು ಗ್ರಂದಿಗೆ ಅಂಗಡಿಗಳಲ್ಲಿ ನಾಗಕೇಸರ ಅಂತ ಮಾರುವುದೂ ಉಂಟು. ನಿಜವಾದ ನಾಗಕೇಸರ ನಾಗಸಂಪಿಗೆಯದ್ದು. ಹಿಂದೆ ರೇಷ್ಮೆಗೆ ಬಣ್ಣ ಕಟ್ಟಲಿಕ್ಕೂ ಸುರಗಿ ಮೊಗ್ಗು ಹೋಗುತ್ತಿತ್ತಂತೆ.

ದೊಡ್ಡಮ್ಮ ದೋಟಿಯಿಂದ ರೆಂಬೆ ಬಗ್ಗಿಸಿ ಹಿಡಿದರು, ನಾನು ಬಿಡಿಸುತ್ತಾ ಹೋದೆ. ಅರಳಿದ್ದನ್ನು ಬಿಡು, ಮೊಗ್ಗು ಮಾತ್ರ ಕೊಯ್ಯಿ ಅಂತ ಪದೇ ಪದೇ ಹೇಳುತ್ತಿದ್ದರು. ಅಷ್ಟರಲ್ಲಿ ಕೈಗೆ ಸುರೀ ಅಂತ ಉರಿ. ನೋಡಿದರೆ ಚಗಳಿ ಇರುವೆ! ಮೇಲಿನ ರೆಂಬೆಯಲ್ಲೇ ಎಲೆ ಹೊಲಿದು ಗೂಡು ಮಾಡಿಕೊಂಡಿದ್ದವು. ಕುಣಿದ ರಭಸಕ್ಕೆ ಬುಟ್ಟಿ ಉರುಳಿ, ಅರ್ಧ ಮೊಗ್ಗು ದರಕಿನ ಪಾಲಾಯಿತು. ದೊಡ್ಡಮ್ಮ ಸಮಾಧಾನ ಹೇಳುವ ಬದಲು ಗೂಡಿನ ಕಡೆ ನೋಡಿ, "ಚಟ್ನಿಗಾಗೋ ಅಷ್ಟಿದೆ" ಅಂದರು.

ಆರೂವರೆ ಹೊತ್ತಿಗೆ ಮೊದಲ ತುಡುವೆ ಜೇನು ಬಂತು. ಒಂದು, ನಾಲ್ಕು, ಆಮೇಲೆ ಎಣಿಸಲು ಆಗಲಿಲ್ಲ. ನಾವು ನಿಂತಿದ್ದ ಹಾಗೇ ಮರ ದನಿ ಬದಲಿಸಿತು. ಇಡೀ ಮರ ಒಂದೇ ಶ್ರುತಿಯಲ್ಲಿ ಗುಂಯ್ ಅನ್ನತೊಡಗಿತು. ಅದರ ಬೊಡ್ಡೆಗೆ ಅಂಗೈ ಒತ್ತಿ ಸುಮ್ನೆ ನಿಂತೆ. ಎಷ್ಟು ಹೊತ್ತೋ ಗೊತ್ತಿಲ್ಲ, ದೊಡ್ಡಮ್ಮ ಎರಡು ಸಲ ಕರೆದರಂತೆ.

ದಾರಿಯಲ್ಲಿ ಬುಟ್ಟಿಯೊಳಗಿನ ಮೊಗ್ಗುಗಳು ಒಂದೊಂದೇ ಬಿರಿಯತೊಡಗಿದ್ದವು. ಜಗಲಿಯಲ್ಲಿ ಕೂತು ಸೂಜಿ ದಾರ ಹಿಡಿದು ಅವಸರದಲ್ಲಿ ಪೋಣಿಸಿದೆವು. ಮೂರು ದಂಡೆ ಆಯಿತು. ಒಂದು ದೇವರಿಗೆ, ಒಂದು ನನ್ನ ಚೀಲಕ್ಕೆ, ಇನ್ನೊಂದು ದೊಡ್ಡಮ್ಮನ ಬಿಳಿ ತುರುಬಿಗೆ.

ಸ್ನಾನಕ್ಕೆ ಹೋಗುವ ಮೊದಲು ಬಚ್ಚಲ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿ, ಸಾಕ್ಸಿನ ಮಡಿಕೆ ಮಡಿಕೆ ಬಿಡಿಸಿ ಹುಡುಕಿದರು. ಎಡಗಾಲಿನದ್ದರಲ್ಲಿ ಒಂದು ಸಿಕ್ಕಿತು. ಸಾಸಿವೆಗಿಂತ ಚಿಕ್ಕದು. ಕಡ್ಡಿಯಲ್ಲಿ ಎತ್ತಿ, ಬಗ್ಗಿ, ಹಂಡೆಯ ಒಲೆಗೆ ಹಾಕಿದರು. ಬಗ್ಗಿದಾಗ ಬಚ್ಚಲೆಲ್ಲ ಸುರಗಿ.